ಡಂಪರ್ ಓಡಿಸುವವರ ಮಗನಿಗೆ ಪರಿಸರದ ಪಾಠ: ನೀತಿ, ಕಾನೂನು, ಶಿಕ್ಷಣ – ಉತ್ತರವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ ಕೇಳಿದವರು: ಖಾಡಿ ದಡದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಮುಂಬಯಿಯ ಪೂರ್ವ ಉಪನಗರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಹದಿನಾಲ್ಕು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಮೂರು ವಾರಗಳಿಂದ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಬೇರೆ ಬೇರೆ ವೃತ್ತಿಗಳ ಹಿರಿಯರು ಇಲ್ಲಿ ಇರುವುದರಿಂದ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳವರು. ಶಾಲೆಯಿಂದ ಇಪ್ಪತ್ತು ನಿಮಿಷ ನಡೆದರೆ ಸಮುದ್ರದ ನೀರು ಒಳಬರುವ ಠಾಣೆ ಖಾಡಿಯ (ಕ್ರೀಕ್) ದಡ ಸಿಗುತ್ತದೆ, ಅಲ್ಲಿಂದಲೇ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಆರಂಭವಾಗುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಅದೇ ಖಾಡಿಯ ಕೆಸರಿನಲ್ಲಿ ರಾಜಹಂಸಗಳು ಸಾಲುಗಟ್ಟಿ ನಿಂತಿರುತ್ತವೆ. ಅವು ಇಳಿಯುವ ಒಂದು ಭಾಗವನ್ನು ಸರ್ಕಾರ 2015ರಲ್ಲಿ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಠಾಣೆ ಖಾಡಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ನಮ್ಮ ಬದಿಯ ದಡಕ್ಕೆ ರಾತ್ರಿ ಹನ್ನೊಂದರ ನಂತರ ಡಂಪರ್‌ಗಳು ಬಂದು, ಒಡೆದ ಕಟ್ಟಡಗಳ ಇಟ್ಟಿಗೆ, ಸಿಮೆಂಟು, ಟೈಲ್ಸುಗಳ ಅವಶೇಷವನ್ನು ಸುರಿದು ಹೋಗುತ್ತವೆ. ಇಲ್ಲಿ ಅದನ್ನು ಡೆಬ್ರಿಸ್ ಎನ್ನುತ್ತಾರೆ. ನಾವು ಕೆಲವರು ಸೇರಿ ಸಂಬಂಧಪಟ್ಟ ಕಚೇರಿಗೆ ಎರಡು ಸಲ ದೂರು ಕೊಟ್ಟೆವು. ಎರಡು ಸಲವೂ ಸ್ವೀಕೃತಿಯ ಮುದ್ರೆ ದೊರೆಯಿತು, ಬೇರೇನೂ ದೊರೆಯಲಿಲ್ಲ.

ಕಳೆದ ತಿಂಗಳು ಒಂಬತ್ತನೆಯ ತರಗತಿಯಲ್ಲಿ ಮೂಲಭೂತ ಕರ್ತವ್ಯಗಳ ಪಾಠವಿತ್ತು. 1976ರ 42ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51-ಎ ವಿಧಿಯನ್ನು ವಿವರಿಸುತ್ತಾ, ಅರಣ್ಯ, ಸರೋವರ, ನದಿ, ವನ್ಯಜೀವಿಗಳನ್ನು ಕಾಪಾಡುವುದು ಮತ್ತು ಜೀವಿಗಳ ಬಗ್ಗೆ ಅನುಕಂಪ ತೋರುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದು ಹೇಳಿ, ಉದಾಹರಣೆಯಾಗಿ ನಮ್ಮ ಖಾಡಿಯನ್ನೇ ತೆಗೆದುಕೊಂಡೆ. ತರಗತಿ ಮುಗಿದ ಮೇಲೆ ಒಬ್ಬ ಹುಡುಗ ಬಾಗಿಲ ಬಳಿ ಕಾದು ನಿಂತಿದ್ದ. ಎಲ್ಲರೂ ಹೋದ ನಂತರ ಮೆಲ್ಲಗೆ ಕೇಳಿದ: "ಟೀಚರ್, ನಮ್ಮಪ್ಪ ಡಂಪರ್ ಓಡಿಸುತ್ತಾರೆ. ಅವರು ತಪ್ಪು ಮಾಡುತ್ತಾರೇನು?"

ನಾನು ಅವನ ಬೆನ್ನು ತಟ್ಟಿ, ನಾಳೆ ಮಾತಾಡೋಣ ಎಂದೆ. ಆ ನಾಳೆ ಇನ್ನೂ ಬಂದಿಲ್ಲ. ತಪ್ಪಲ್ಲ ಎಂದರೆ ನಾನು ಮಾಡಿದ ಪಾಠ ಸುಳ್ಳಾಗುತ್ತದೆ. ತಪ್ಪು ಎಂದರೆ, ಹೊಟ್ಟೆಪಾಡಿಗಾಗಿ ಮಾಲೀಕ ಹೇಳಿದ ಕಡೆ ಗಾಡಿ ಓಡಿಸುವ ಒಬ್ಬ ತಂದೆಯನ್ನು ಮಗನ ಕಣ್ಣಲ್ಲಿ ಅಪರಾಧಿಯನ್ನಾಗಿ ಮಾಡಿದಂತಾಗುತ್ತದೆ. ನೀತಿ, ಕಾನೂನು, ಶಿಕ್ಷಣ ಈ ಮೂರೂ ಪರಿಸರವನ್ನು ಕಾಯುತ್ತವೆ ಎಂದು ನಾವು ಮಕ್ಕಳಿಂದ ಪ್ರಬಂಧ ಬರೆಸುತ್ತೇವೆ. ಈ ಹುಡುಗನಿಗೆ ಮೂರರಲ್ಲಿ ಯಾವುದು ಉತ್ತರ ಕೊಡಬಲ್ಲದು? ನಾನು ಎಲ್ಲಿಂದ ಆರಂಭಿಸಲಿ?

ಉತ್ತರ: ಫೋರ್ಟ್ ವಕೀಲ

ಶಿಕ್ಷಕಿಯವರೇ, ಕಾನೂನಿನ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ನಿಮ್ಮ ವಿದ್ಯಾರ್ಥಿಗೆ ಸ್ವಲ್ಪ ಸಮಾಧಾನ ಕೊಡಬಹುದು. ಕಟ್ಟಡ ನಿರ್ಮಾಣ ಮತ್ತು ಕೆಡವುವಿಕೆಯ ತ್ಯಾಜ್ಯದ ಬಗ್ಗೆ 2016ರಲ್ಲಿ ಬಂದ ನಿಯಮಗಳು, ಆ ತ್ಯಾಜ್ಯವನ್ನು ಬೇರ್ಪಡಿಸಿ, ಕೂಡಿಟ್ಟು, ನಿಗದಿಯಾದ ಕೇಂದ್ರಕ್ಕೆ ತಲುಪಿಸುವ ಹೊಣೆಯನ್ನು ಮೊದಲಿಗೆ ಹೊರಿಸಿದ್ದು ಅದನ್ನು ಉಂಟುಮಾಡಿದವನ ಮೇಲೆ. ಅಂದರೆ ಕಟ್ಟಡ ಒಡೆಸಿದವನ ಮೇಲೆ. ಚಾಲಕ ಕೊನೆಯ ಕೊಂಡಿ. ಆದರೆ ರಾತ್ರಿಯ ಗಸ್ತಿನವರ ಕೈಗೆ ಸಿಗುವುದು ಆ ಕೊನೆಯ ಕೊಂಡಿಯೇ: ಗಾಡಿ ಜಪ್ತಿಯಾಗುತ್ತದೆ, ಚಾಲಕ ಪೊಲೀಸ್ ಠಾಣೆಯಲ್ಲಿ ಕೂರುತ್ತಾನೆ, ಕಟ್ಟಡದ ಹೆಸರು ಕಾಗದದ ಮೇಲೆ ಬರುವುದೇ ಇಲ್ಲ. ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕು ಎಂಬ ತತ್ತ್ವ ಈ ದೇಶದ ಕಾನೂನಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ, ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಹೇಳಿತು. ಮಾಲಿನ್ಯ ಮಾಡಿದವನು ಯಾರು ಎಂದು ಹುಡುಕುವ ಶ್ರಮವನ್ನು ಯಾರೂ ತೆಗೆದುಕೊಳ್ಳದಿದ್ದರೆ ಆ ತತ್ತ್ವ ಬಡವನ ಹೆಗಲಿಗೇ ಬೀಳುತ್ತದೆ.

ಇನ್ನು ಕಾಂಡ್ಲಾ ಕಾಡಿನ ವಿಷಯ. ಇಲ್ಲಿ ಕಾನೂನು ದುರ್ಬಲವಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದು, ಮೀಠಿ ನದಿ ತನ್ನ ಜಾಗವನ್ನು ಹುಡುಕಿಕೊಂಡು ಮನೆಗಳೊಳಗೆ ಬಂದದ್ದು ನಮಗೆಲ್ಲ ನೆನಪಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ರಾಜ್ಯದಾದ್ಯಂತ ಕಾಂಡ್ಲಾ ನಾಶವನ್ನು ತಡೆಹಿಡಿಯಿತು. 2018ರ ಸೆಪ್ಟೆಂಬರಿನ ಅಂತಿಮ ತೀರ್ಪು ಇನ್ನೂ ಮುಂದೆ ಹೋಗಿ, ಕಾಂಡ್ಲಾ ಕಾಡನ್ನು ನಾಶಮಾಡುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿಗೇ ಧಕ್ಕೆ ಎಂದಿತು. ಕಾಡಿನ ಅಂಚಿನಿಂದ 50 ಮೀಟರಿನೊಳಗೆ ಅವಶೇಷ ಸುರಿಯುವುದೂ ನಿರ್ಮಾಣ ಮಾಡುವುದೂ ನಿಷಿದ್ಧ. ಆದೇಶ ಪಾಲನೆಯನ್ನು ನೋಡಿಕೊಳ್ಳಲು ಕೊಂಕಣ ವಿಭಾಗೀಯ ಆಯುಕ್ತರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯಿದೆ. ನಿಮ್ಮ ಮುಂದಿನ ದೂರು ಆ ಸಮಿತಿಗೂ ಹೋಗಲಿ.

ಆದರೂ ಕಾನೂನನ್ನೇ ನಂಬಿ ಕೂರಬೇಡಿ ಎಂದು ಮೂವತ್ತು ವರ್ಷ ಕಪ್ಪು ಕೋಟು ಹಾಕಿದ ಮೇಲೆ ಹೇಳುತ್ತಿದ್ದೇನೆ. ಮೊದಲ ಕಾರಣ, ಕಾನೂನು ತಡವಾಗಿ ಬರುತ್ತದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ಜನ ಸತ್ತ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಮುಂಬಯಿಯೊಳಗಿನ ಹಸಿರು ಪ್ರದೇಶವಾದ ಆರೇ ಕಾಲೊನಿಯದ್ದು ಇನ್ನೂ ಹತ್ತಿರದ ಉದಾಹರಣೆ. 2019ರ ಅಕ್ಟೋಬರ್ 4ರಂದು ಮೆಟ್ರೋ ಶೆಡ್ಡಿನ ವಿರುದ್ಧದ ಅರ್ಜಿಗಳು ಉಚ್ಚ ನ್ಯಾಯಾಲಯದಲ್ಲಿ ವಜಾ ಆದವು, ಅಂದು ರಾತ್ರಿಯೇ ಗರಗಸಗಳು ಕೆಲಸ ಆರಂಭಿಸಿದವು. ಕಾನೂನು ವಿದ್ಯಾರ್ಥಿಗಳು ಬರೆದ ಒಂದು ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸರ್ವೋಚ್ಚ ನ್ಯಾಯಾಲಯ 7ನೆಯ ತಾರೀಖಿನಂದು ಕಡಿಯುವುದನ್ನು ನಿಲ್ಲಿಸಿದಾಗ 2,141 ಮರಗಳು ಆಗಲೇ ನೆಲಕ್ಕುರುಳಿದ್ದವು. ಮರಕ್ಕೆ ಮೇಲ್ಮನವಿ ಸಲ್ಲಿಸುವಷ್ಟು ಸಮಯ ಸಿಗಲಿಲ್ಲ.

ಎರಡನೆಯ ಕಾರಣ, ಶಿಕ್ಷೆಯ ಸ್ವರೂಪ ಬದಲಾಗಿದೆ. 1986ರ ಕಾಯ್ದೆಯ ಉಲ್ಲಂಘನೆಗೆ ಐದು ವರ್ಷದವರೆಗೆ ಸೆರೆವಾಸವಿತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿಯವರೆಗಿನ ದಂಡವನ್ನು ಇಟ್ಟಿತು. ಸೆರೆವಾಸದ ಬೆದರಿಕೆ ಇದ್ದಾಗಲೂ ಸೆರೆಗೆ ಹೋದವರು ವಿರಳ, ದಂಡವಾದರೂ ಬೇಗ ವಸೂಲಿಯಾಗುತ್ತದೆ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ನನ್ನ ಆತಂಕ ಬೇರೆ. ಮುಂಬಯಿಯ ಜಾಗದ ಬೆಲೆಯ ಮುಂದೆ 15 ಲಕ್ಷ ಎಂಬುದು ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲಾಗಿ ಸೇರಿಹೋಗಬಹುದು. ದಂಡ ಕಟ್ಟಿದವನಿಗೆ ತಾನು ತಪ್ಪು ಮಾಡಿದೆ ಎನ್ನಿಸಬೇಕು. ಬಿಲ್ಲು ಕಟ್ಟಿದೆ ಎನ್ನಿಸಿದರೆ ಅಲ್ಲಿಗೆ ನೀತಿ ಸತ್ತಂತೆ.

ಉತ್ತರ: ಘಾಟ್ಕೋಪರ್ ಹೋಟೆಲಿಗ

ಟೀಚರ್, ನಾನು ಹೆಚ್ಚು ಓದಿದವನಲ್ಲ. ಕುಂದಾಪುರದ ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಯಲ್ಲಿ ಹತ್ತನೆಯವರೆಗೆ ಕಲಿತವನು. ಈಗ ಸ್ವಂತ ಹೋಟೆಲಿದೆ. ವಕೀಲರು ದಂಡದ ಬಗ್ಗೆ ಹೇಳಿದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ.

2018ರ ಮಾರ್ಚ್ 23ರಂದು ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿ, ಜೂನ್ 23ರಿಂದ ದಂಡ ಹಾಕಲಾರಂಭಿಸಿತು. ಮೊದಲ ಸಲ 5 ಸಾವಿರ, ಎರಡನೆಯ ಸಲ 10 ಸಾವಿರ, ಮೂರನೆಯ ಸಲ 25 ಸಾವಿರ ರೂಪಾಯಿ ಮತ್ತು ಮೂರು ತಿಂಗಳ ಜೈಲು. ಅದಕ್ಕೆ ಮೊದಲೇ, ನನ್ನ ಮಗಳ ಒತ್ತಾಯಕ್ಕೆ, ನಾನು ಪಾರ್ಸೆಲ್ಲಿಗೆ ಪ್ಲಾಸ್ಟಿಕ್ ಕೊಡುವುದನ್ನು ನಿಲ್ಲಿಸಿ ನೋಡಿದ್ದೆ. ಗಿರಾಕಿಗಳು ಎದುರಿನ ಹೋಟೆಲಿಗೆ ಹೋದರು. ಸಾಂಬಾರನ್ನು ಕೈಯಲ್ಲಿ ಹಿಡಿದುಕೊಂಡು ಹೋಗಲೇ ಎಂದು ಒಬ್ಬರು ಕೇಳಿದರು, ಅವರ ಮಾತಿನಲ್ಲೂ ನ್ಯಾಯವಿತ್ತು. ಎರಡು ತಿಂಗಳಲ್ಲಿ ನಾನು ಸೋತೆ. ನಿಷೇಧ ಬಂದ ಮೇಲೆ ಅದೇ ಗಿರಾಕಿಗಳು ಮನೆಯಿಂದ ಸ್ಟೀಲ್ ಡಬ್ಬಿ ತಂದರು, ಏಕೆಂದರೆ ಎದುರಿನ ಹೋಟೆಲಿನಲ್ಲೂ ಪ್ಲಾಸ್ಟಿಕ್ ಇರಲಿಲ್ಲ. ಒಳ್ಳೆಯದನ್ನು ಮಾಡಹೊರಟ ವ್ಯಾಪಾರಿ ಒಬ್ಬನೇ ನಷ್ಟಕ್ಕೆ ಬೀಳದಂತೆ ಮಾಡಲು ಕಾನೂನಿಗೆ ಮಾತ್ರ ಸಾಧ್ಯ ಎಂಬುದನ್ನು ನಾನು ಆಗ ಕಣ್ಣಾರೆ ಕಂಡೆ. ಆದರೆ ತಪಾಸಣೆ ಸಡಿಲವಾದ ಕೂಡಲೇ ತೆಳ್ಳನೆಯ ಚೀಲಗಳು ಮತ್ತೆ ಬಂದವು. ಡಬ್ಬಿ ತರುವ ಅಭ್ಯಾಸ ಉಳಿದದ್ದು ಕೆಲವೇ ಮನೆಗಳಲ್ಲಿ. ಆ ಮನೆಗಳವರು ಇವತ್ತಿಗೂ ತರುತ್ತಾರೆ. ಅವರಿಗೆ ಈಗ ದಂಡದ ನೆನಪೂ ಇಲ್ಲ.

ನೀತಿಯ ಬಗ್ಗೆ ಒಂದು ಮಾತು. ಊರಿನಲ್ಲಿ ನಮ್ಮ ಮನೆಯ ಹಿಂದೆ ನಾಗಬನವಿದೆ. ಅಲ್ಲಿ ಒಣಗಿದ ಕಡ್ಡಿಯನ್ನು ಕೂಡ ಒಲೆಗೆ ತರಬಾರದು ಎಂದು ಅಜ್ಜಿ ಕಲಿಸಿದ್ದರು, ಇಂದಿಗೂ ನಾನು ತರುವುದಿಲ್ಲ. ಅದೇ ನಾನು ಮುಂಬಯಿಗೆ ಬಂದ ಹೊಸತರಲ್ಲಿ ಕರಿದು ಉಳಿದ ಎಣ್ಣೆಯನ್ನು ಗಟಾರಕ್ಕೆ ಸುರಿಯುತ್ತಿದ್ದೆ, ಮನಸ್ಸಿಗೆ ಏನೂ ಅನ್ನಿಸುತ್ತಿರಲಿಲ್ಲ. ಊರಿನ ಮರದಲ್ಲಿ ದೇವರಿದ್ದಾನೆ, ಇಲ್ಲಿಯ ಗಟಾರ ಯಾರದ್ದೋ ಎಂಬ ಭಾವನೆ. ದುಡಿಯಲು ಬಂದ ಊರನ್ನು ನಾವು ನಮ್ಮ ನೆಲ ಎಂದು ತಿಳಿದದ್ದು ಬಹಳ ತಡವಾಗಿ. ಕೆಲವರು ಇನ್ನೂ ತಿಳಿದಿಲ್ಲ. ಊರಿನಲ್ಲಾದರೂ ಎಲ್ಲವೂ ಸರಿಯಿದೆಯೆಂದು ಹೇಳಲಾರೆ. ನಾವು ಇಲ್ಲಿಂದ ಕಳಿಸಿದ ಹಣದಲ್ಲಿಯೇ ಎಷ್ಟೋ ಬನಗಳ ಮರ ಕಡಿದು ಸಿಮೆಂಟಿನ ಕಟ್ಟೆ ಕಟ್ಟಿಸಿದ್ದಾರೆ, ಅದನ್ನು ಜೀರ್ಣೋದ್ಧಾರವೆನ್ನುತ್ತಾರೆ. ಬನವೇ ಇಲ್ಲದ ನಾಗಬನಕ್ಕೆ ಕೈಮುಗಿಯುವಾಗ ನನಗೆ ಸಂಕಟವಾಗುತ್ತದೆ.

ಆ ಹುಡುಗನ ತಂದೆಗೂ ಯಾದಗಿರಿಯಲ್ಲಿ ಒಂದು ಕೆರೆಯೋ ಹೊಲವೋ ಇದ್ದಿರಬಹುದು. ಅಲ್ಲಿ ಅವರು ಕಲ್ಲು ಸುರಿಯುತ್ತಿದ್ದರೇ ಎಂದು ಯೋಚಿಸಿ.

ಉತ್ತರ: ಡೊಂಬಿವಲಿಯ ನಿವೃತ್ತ ಉಪನ್ಯಾಸಕ

ಹೋಟೆಲಿಗ ಮಹನೀಯರ ಮಾತಿಗೆ ನನ್ನ ನಮಸ್ಕಾರ. ನಾನು ಶಿಕ್ಷಣದ ಕಡೆಯಿಂದ ಹೇಳಬೇಕಾದವನು, ಹಾಗಾಗಿ ನಮ್ಮ ಕಡೆಯ ಸೋಲನ್ನು ಒಪ್ಪಿಕೊಂಡೇ ಆರಂಭಿಸುತ್ತೇನೆ.

1991ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕೆಂದೂ, ಸಿನಿಮಾ ಮಂದಿರಗಳಲ್ಲಿ ಪರಿಸರದ ಸ್ಲೈಡುಗಳನ್ನು ತೋರಿಸಬೇಕೆಂದೂ ಆದೇಶಿಸಿತು. ಹನ್ನೆರಡು ವರ್ಷ ಕಳೆದರೂ ಹೆಚ್ಚೇನೂ ಆಗದಿದ್ದಾಗ, 2003ರಲ್ಲಿ ಅದೇ ನ್ಯಾಯಾಲಯ ಮತ್ತೆ ಕಟ್ಟುನಿಟ್ಟಾಗಿ ಹೇಳಬೇಕಾಯಿತು. ಮಕ್ಕಳಿಗೆ ಏನು ಕಲಿಸಬೇಕೆಂಬುದನ್ನು ನ್ಯಾಯಾಧೀಶರು ಎರಡೆರಡು ಸಲ ಹೇಳಬೇಕಾಗಿ ಬಂದದ್ದು ಶಿಕ್ಷಕ ಸಮುದಾಯಕ್ಕೆ ನೋವಿನ ಸಂಗತಿ. ಪದವಿ ತರಗತಿಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ ಆರು ತಿಂಗಳ ಪಠ್ಯವನ್ನು ರೂಪಿಸಿತು. ಅದರಲ್ಲಿ ಐದು ಉಪನ್ಯಾಸಗಳಷ್ಟು ಸಮಯ ಹೊರಗೆ ಹೋಗಿ ನದಿ, ಗುಡ್ಡ, ಕೆರೆಯನ್ನು ನೋಡಿ ಬರೆಯುವುದಕ್ಕೆ ಮೀಸಲಾಗಿತ್ತು. ನಾನು ಪಾಠ ಮಾಡಿದ ಕಾಲದಲ್ಲಿ ಆ ಐದು ಗಂಟೆಗಳನ್ನು ನಾವು ತರಗತಿಯಲ್ಲೇ ಕಳೆದೆವು. ವಿದ್ಯಾರ್ಥಿಗಳು ಹಿರಿಯರ ವರದಿಗಳನ್ನು ನಕಲು ಮಾಡಿ ತಂದರು, ನಾನು ಸಹಿ ಹಾಕಿದೆ. ಮಾದರಿ ಮಾಡಿ ತನ್ನಿ ಎಂದಾಗ ಥರ್ಮೋಕೋಲಿನ ಕಾಡು, ಥರ್ಮೋಕೋಲಿನ ನದಿ ಬರುತ್ತಿದ್ದವು. ಪ್ರದರ್ಶನ ಮುಗಿದ ಸಂಜೆ ಅವು ಕಾಲೇಜಿನ ಹಿಂದಿನ ನಾಲೆಗೆ ಸೇರುತ್ತಿದ್ದವು. ಆ ದೃಶ್ಯವನ್ನು ನೆನೆದಾಗ ಇಂದಿಗೂ ತಲೆ ತಗ್ಗಿಸುತ್ತೇನೆ.

ಹಾಗಾದರೆ ಶಿಕ್ಷಣದಿಂದ ಆಗಬೇಕಾದದ್ದೇನು? ಕಣ್ಣು ತೆರೆಸುವುದು ಎಂದು ನಾನು ಹೇಳುತ್ತೇನೆ, ಅದನ್ನು ಅಕ್ಷರಶಃ ಹೇಳುತ್ತಿದ್ದೇನೆ. ಕಾಂಡ್ಲಾ ಮರದ ಬುಡದ ಸುತ್ತ ಕೆಸರಿನಿಂದ ಪೆನ್ಸಿಲಿನಂತೆ ಮೇಲೆದ್ದು ನಿಂತ ಸಾವಿರಾರು ಕಡ್ಡಿಗಳನ್ನು ನೀವು ಕಂಡಿರುತ್ತೀರಿ. ಅವು ಉಸಿರಾಡುವ ಬೇರುಗಳು. ನಮ್ಮ ಖಾಡಿಗಳ ಕೆಸರಿನಲ್ಲಿ ಗಾಳಿಯಿರುವುದಿಲ್ಲವಾದ್ದರಿಂದ, ನೀರು ಇಳಿದಾಗ ಈ ಬೇರುಗಳು ಮೇಲಿನಿಂದ ಗಾಳಿ ಎಳೆದುಕೊಂಡು ಕೆಳಗಿನ ಬೇರುಗಳಿಗೆ ಕಳಿಸುತ್ತವೆ. ಒಂದು ಡಂಪರ್ ಅವಶೇಷ ಬಿದ್ದರೆ ಇವು ಮುಚ್ಚಿಹೋಗುತ್ತವೆ. ಯಾರೂ ಕೊಡಲಿ ಎತ್ತಲಿಲ್ಲ, ಒಂದು ಕೊಂಬೆಯೂ ಮುರಿಯಲಿಲ್ಲ. ಮರ ಮಾತ್ರ ಉಸಿರುಗಟ್ಟಿ ತಿಂಗಳುಗಳ ಮೇಲೆ ನಿಂತಲ್ಲೇ ಒಣಗುತ್ತದೆ. ಉಬ್ಬರದ ನೀರು ಒಳಬರುವ ಸಣ್ಣ ಕಾಲುವೆಗೆ ಮಣ್ಣಿನ ಒಡ್ಡು ಹಾಕಿದರೂ ಹಾಗೆಯೇ: ಆ ಒಡ್ಡಿನ ಹಿಂದಿನ ಇಡೀ ಕಾಡು ಸಾಯುತ್ತದೆ. ಆಮೇಲೆ ಪಂಚನಾಮೆಗೆ ಬಂದವರು, ಇಲ್ಲಿ ಕಡಿದ ಗುರುತಿಲ್ಲ, ಮರಗಳು ತಾವಾಗಿ ಒಣಗಿವೆ ಎಂದು ಬರೆದುಕೊಂಡು ಹೋಗಬಹುದು. ವಕೀಲರು ಹೇಳಿದ ಬಲವಾದ ಕಾನೂನು ಕೂಡ, ಕೆಸರಿನ ಆ ಕಡ್ಡಿ ಏನೆಂದು ತಿಳಿದ ಒಬ್ಬ ಸಾಕ್ಷಿಯಿಲ್ಲದೆ ಕುರುಡಾಗುತ್ತದೆ.

ನಾನು ಶಿರಸಿ ಸೀಮೆಯವನು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ ಅವರ ಬಳಿ ಯಾವ ತೀರ್ಪೂ ಇರಲಿಲ್ಲ; ಕಡಿಯುವವರ ಬಳಿಯೇ ಸರ್ಕಾರದ ಪರವಾನಗಿ ಇತ್ತು. ಆದರೆ ಕಾಡು ಹೋದರೆ ಹಳ್ಳ ಬತ್ತುತ್ತದೆ, ತೋಟಕ್ಕೆ ಸೊಪ್ಪು ಸಿಗುವುದಿಲ್ಲ ಎಂಬ ತಿಳಿವಳಿಕೆ ಪ್ರತಿಯೊಬ್ಬ ಹೆಣ್ಣುಮಗಳಿಗೂ ಇತ್ತು. ಉಳಿಸು, ಬೆಳೆಸು, ಬಳಸು ಎಂಬುದು ಅಪ್ಪಿಕೋ ಚಳವಳಿಯ ಘೋಷಣೆ. ಅದರಲ್ಲಿ ಬಳಸು ಎಂಬ ಪದವೂ ಇದೆ ಎಂಬುದನ್ನು ನಾವು ನಗರದವರು ಮರೆಯುತ್ತೇವೆ. ಬಳಸುವವನಿಗೆ ತಿಳಿಯುವಷ್ಟು ನೋಡುವವನಿಗೆ ತಿಳಿಯುವುದಿಲ್ಲ. ನಿಮ್ಮ ಮಕ್ಕಳಿಗೂ ಖಾಡಿಗೂ ಅಂಥ ಯಾವ ನಂಟೂ ಇಲ್ಲ, ಅದನ್ನು ಕಟ್ಟಿಕೊಡುವುದೇ ಪಾಠವಾಗಬೇಕು. ಪುಸ್ತಕ ಮುಚ್ಚಿ, ನೀರು ಇಳಿದ ಹೊತ್ತಿನಲ್ಲಿ ಅವರನ್ನು ದಡಕ್ಕೆ ಕರೆದುಕೊಂಡು ಹೋಗಿ.

ಉತ್ತರ: ಕಲೀನಾ ವಿದ್ಯಾರ್ಥಿ

ಹಿರಿಯರೆಲ್ಲರ ಬಗ್ಗೆ ಗೌರವವಿಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನೀತಿಯ ಪಾಠ ಯಾವಾಗಲೂ ಕೆಳಗಿನವರಿಗೇ ಏಕೆ? ಬುಲೆಟ್ ರೈಲಿಗಾಗಿ ಮುಂಬಯಿ, ಠಾಣೆ, ಪಾಲ್ಘರ್ ಭಾಗಗಳಲ್ಲಿ ಸುಮಾರು 20 ಸಾವಿರ ಕಾಂಡ್ಲಾ ಮರಗಳನ್ನು ಕಡಿಯಲು 2022ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವೇ ಅನುಮತಿ ಕೊಟ್ಟಿತು. ಸಾರ್ವಜನಿಕ ಹಿತವಿದ್ದರೆ ನ್ಯಾಯಾಲಯ ಅನುಮತಿ ನೀಡಬಹುದೆಂಬ ಬಾಗಿಲು 2018ರ ತೀರ್ಪಿನಲ್ಲೇ ಇತ್ತು. ಒಂದು ರಾತ್ರಿಯ ಅವಶೇಷಕ್ಕೆ ಚಾಲಕ ಅಪರಾಧಿ, 20 ಸಾವಿರ ಮರಗಳಿಗೆ ಯಾರೂ ಅಪರಾಧಿಗಳಲ್ಲ. ಈ ವ್ಯತ್ಯಾಸವನ್ನು ಆ ಹುಡುಗ ನಾಳೆ ಪತ್ರಿಕೆಯಲ್ಲಿ ಓದಿದರೆ ನೀವು ಏನು ಹೇಳುತ್ತೀರಿ, ಟೀಚರ್?

ಭಾಷೆಯ ವಿಷಯವನ್ನೂ ಯಾರೂ ಎತ್ತಲಿಲ್ಲ. 2020ರಲ್ಲಿ ಪರಿಸರ ಪರಿಣಾಮ ಮೌಲ್ಯಮಾಪನದ, ಅಂದರೆ ಒಂದು ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಮೊದಲೇ ಅಳೆಯುವ ನಿಯಮಗಳ, ಹೊಸ ಕರಡು ಪ್ರಕಟವಾದಾಗ, ಅದು ಕನ್ನಡದಲ್ಲೂ ಇರಲಿಲ್ಲ, ಮರಾಠಿಯಲ್ಲೂ ಇರಲಿಲ್ಲ. ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅದನ್ನು ಅನುವಾದಿಸಿ ಎಂದು ದೆಹಲಿ ಉಚ್ಚ ನ್ಯಾಯಾಲಯ ಹೇಳಬೇಕಾಯಿತು. ತನ್ನ ನೆಲದ ಬಗ್ಗೆ ಬರೆದ ಕಾಗದವನ್ನು ತಾನೇ ಓದಲಾಗದವನಿಗೆ ಕರ್ತವ್ಯವನ್ನು ಬೋಧಿಸುವುದು ನ್ಯಾಯವಲ್ಲ.

ಉತ್ತರ: ಫೋರ್ಟ್ ವಕೀಲ

ತಮ್ಮಾ, ನಿನ್ನ ಎರಡೂ ಮಾತುಗಳನ್ನು ಒಪ್ಪುತ್ತೇನೆ. ಒಂದನ್ನು ಮಾತ್ರ ಬೇರ್ಪಡಿಸುತ್ತೇನೆ. ಬುಲೆಟ್ ರೈಲಿನ ಮರಗಳ ಬಗ್ಗೆ ಅರ್ಜಿ, ವಾದ, ಆಕ್ಷೇಪಣೆ, ಬದಲಿಗೆ ನೆಡುವ ಷರತ್ತು ಎಲ್ಲವೂ ಹಗಲಿನಲ್ಲಿ ನಡೆದವು. ಫಲಿತಾಂಶ ನಮಗೆ ಹಿಡಿಸದಿರಬಹುದು, ಅದರ ವಿರುದ್ಧ ಮಾತಾಡಲು ದಾರಿಯಿತ್ತು. ರಾತ್ರಿ ಸುರಿಯುವ ಡೆಬ್ರಿಸ್‌ಗೆ ಆ ದಾರಿಯೂ ಇಲ್ಲ. ಭಾಷೆಯ ವಿಷಯದಲ್ಲಿ ನೀನು ಹೇಳಿದ್ದಕ್ಕಿಂತ ಸ್ಥಿತಿ ಕಠಿಣವಾಗಿದೆ: ಪರಿಸರದ ಪ್ರಕರಣಗಳನ್ನು ಆಲಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ, ಪುಣೆಯಲ್ಲಿರುವ ಪಶ್ಚಿಮ ವಲಯದ ಪೀಠಕ್ಕೆ ಬಾಧಿತರಾದ ಯಾರು ಬೇಕಾದರೂ ಹೋಗಬಹುದು, ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ ಮಾತ್ರ, ಆದರೆ ಕಲಾಪ ಇಂಗ್ಲಿಷಿನಲ್ಲಿ ನಡೆಯುತ್ತದೆ.

ಉತ್ತರ: ಪುಣೆ ಕನ್ನಡತಿ

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಎರಡು ದಿನ ಸುಮ್ಮನಿದ್ದೆ. ಪುಣೆಯ ಒಂದು ಸಂಗತಿಯನ್ನು ಹೇಳಬೇಕೆನ್ನಿಸಿತು. ಕೆಳಗಿನವರಿಗೆ ನೀತಿ ಬೋಧಿಸಬೇಡಿ ಎಂಬ ವಿದ್ಯಾರ್ಥಿಯ ಮಾತಿಗೂ ಅದರಲ್ಲಿ ಸ್ವಲ್ಪ ಉತ್ತರವಿದೆ.

ಇಲ್ಲಿ ಕಸ ಆಯುವ ಹೆಣ್ಣುಮಕ್ಕಳ ನಡುವೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಕೆಲಸ ಆರಂಭಿಸಿದರು. ಅಕ್ಷರ ಕಲಿಸಲು ಹೋದವರು, ಆ ಹೆಂಗಸರು ದಿನವಿಡೀ ಕೊಳೆತ ಕಸದ ಡಬ್ಬಿಗಳೊಳಗೆ ಬಾಗಿ ಆರಿಸುವುದನ್ನು ನೋಡಿದರು. ಮನೆಯಲ್ಲೇ ಹಸಿ ಕಸ ಒಣ ಕಸ ಬೇರೆಯಾಗಿ ಇವರ ಕೈಗೆ ಸಿಕ್ಕಿದರೆ ಇವರ ಕೆಲಸವೂ ಸುಧಾರಿಸುತ್ತದೆ, ಊರೂ ಉಳಿಯುತ್ತದೆ ಎಂದು ಅಲ್ಲಿಂದ ಯೋಚನೆ ಬೆಳೆಯಿತು. 1993ರಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘಟನೆ ಹುಟ್ಟಿತು. ಮುಂದೆ ಅದರಿಂದಲೇ ಸ್ವಚ್ಛ್ ಎಂಬ ಸಹಕಾರಿ ಸಂಸ್ಥೆ ಬೆಳೆದು, ಮಹಾನಗರ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆ ಮನೆಗೆ ಬರಲಾರಂಭಿಸಿತು. ಕಸ ಬೇರ್ಪಡಿಸುವುದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ 2016ರ ನಿಯಮಗಳು ಬರುವ ಮೊದಲೇ ಈ ಹೆಂಗಸರು ಆ ಕೆಲಸ ಮಾಡುತ್ತಿದ್ದರು.

ನಮ್ಮ ಮನೆಗೆ ಬರುವ ತಾಯಿ ಒಮ್ಮೆ ನನ್ನ ಅತ್ತೆಗೆ, ಬಳಸಿದ ಸ್ಯಾನಿಟರಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಕೆಂಪು ಚುಕ್ಕೆ ಹಾಕಿ ಕೊಡಿ, ಬಿಚ್ಚಿ ನೋಡುವ ಕರ್ಮ ನನಗೇಕೆ ಎಂದು ನೇರವಾಗಿ ಹೇಳಿದರು. ಅತ್ತೆ ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ. ಹತ್ತು ವರ್ಷ ಪಾಲಿಕೆಯ ಕರಪತ್ರಗಳು ಮಾಡದ್ದನ್ನು ಆ ಒಂದು ಮಾತು ಮಾಡಿತು. ಕಸ ಎಲ್ಲಿಗೋ ಹೋಗುತ್ತದೆ ಎಂದುಕೊಂಡಿದ್ದವರಿಗೆ ಅದು ಒಬ್ಬರ ಕೈಗೆ ಹೋಗುತ್ತದೆ ಎಂದು ತಿಳಿಯಿತು.

ಹಾಗಾಗಿ ನನ್ನ ಸಲಹೆ ಇಷ್ಟೇ: ಹುಡುಗನಿಗೆ ಉತ್ತರ ಕೊಡುವ ಮೊದಲು ಅವನ ತಂದೆಯ ಜೊತೆ ಮಾತಾಡಿ. ಈ ವಿಷಯದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ತಿಳಿದವರು ಅವರು. ಯಾವ ಕಟ್ಟಡದ ಅವಶೇಷ, ಯಾರು ತುಂಬಿಸಿದರು, ಎಲ್ಲಿಗೆ ಹೋಗು ಎಂದರು ಎಲ್ಲವೂ ಅವರಿಗೆ ಗೊತ್ತಿದೆ.

ಮರುಮಾತು: ಖಾಡಿ ದಡದ ಶಿಕ್ಷಕಿ

ಎಲ್ಲರ ಉತ್ತರಗಳನ್ನು ಅಚ್ಚು ಹಾಕಿಸಿಕೊಂಡು ಎರಡೆರಡು ಸಲ ಓದಿದೆ. ಪುಣೆಯ ತಂಗಿಯ ಮಾತಿನಂತೆ ಭಾನುವಾರ ಆ ಹುಡುಗನ ಮನೆಗೆ ಹೋದೆ. ತಂದೆ ಮೊದಲು ಗಾಬರಿಯಾದರು, ಮಗ ಏನೋ ತಪ್ಪು ಮಾಡಿದ್ದಾನೆಂದುಕೊಂಡರು. ಅಲ್ಲ, ನಿಮ್ಮಿಂದ ತಿಳಿದುಕೊಳ್ಳಲು ಬಂದೆ ಎಂದ ಮೇಲೆ ಕುಳಿತು ಮಾತಾಡಿದರು. ನಿಗದಿಯಾದ ಜಾಗಕ್ಕೆ ಹೋದರೆ ದೂರ ಹೆಚ್ಚು, ಸಾಲು ಉದ್ದ, ರಾತ್ರಿಗೆ ಎರಡೇ ಖೇಪು ಸಾಧ್ಯ. ಖಾಡಿಗೆ ಹೋದರೆ ಐದು. ದುಡ್ಡು ಖೇಪಿನ ಲೆಕ್ಕದಲ್ಲಿ. ಎಲ್ಲಿ ಸುರಿಯಬೇಕೆಂದು ಮಾಲೀಕ ಬಾಯಿಮಾತಿನಲ್ಲಿ ಹೇಳುತ್ತಾನೆ, ಕಾಗದದಲ್ಲಿ ಬೇರೆ ಜಾಗದ ಹೆಸರಿರುತ್ತದೆ. "ಸಿಕ್ಕಿಬಿದ್ದರೆ ನಾನು ಕಾಣುತ್ತೇನೆ ಮೇಡಂ, ಅವನು ಕಾಣುವುದಿಲ್ಲ" ಎಂದರು. ವಕೀಲರು ಬರೆದದ್ದನ್ನೇ ಅವರು ತಮ್ಮ ಮಾತಿನಲ್ಲಿ ಹೇಳಿದ್ದರು. ಊರಿನ ಕೆರೆಯ ಬಗ್ಗೆಯೂ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಅಲ್ಲಿ ಹಾಗೆ ಮಾಡಿದ್ದರೆ ನಮ್ಮಪ್ಪ ಮನೆಯೊಳಗೆ ಸೇರಿಸುತ್ತಿರಲಿಲ್ಲ ಎಂದರು.

ಬುಧವಾರ ಮಧ್ಯಾಹ್ನ ನೀರು ಇಳಿದಿತ್ತು. ಮೂವತ್ತೊಂದು ಮಕ್ಕಳನ್ನು ದಡಕ್ಕೆ ಕರೆದುಕೊಂಡು ಹೋದೆ. ಉಸಿರಾಡುವ ಬೇರುಗಳನ್ನು ಒಂದು ಚದರ ಮೀಟರಿನಲ್ಲಿ ಎಣಿಸಿದರು, ಎಷ್ಟೋ ಸಲ ಲೆಕ್ಕ ತಪ್ಪಿ ಮತ್ತೆ ಎಣಿಸಿದರು. ಅವಶೇಷ ಬಿದ್ದ ಕಡೆ ಅಂಥದೇ ಇನ್ನೊಂದು ಚೌಕ ಹಾಕಿದಾಗ ಎಣಿಸಲು ಏನೂ ಇರಲಿಲ್ಲ. ಆ ಹುಡುಗ ಅಲ್ಲಿ ಕುಳಿತು ಒಂದೊಂದೇ ಟೈಲ್ಸ್ ಚೂರನ್ನು ತೆಗೆದು ಬದಿಗಿಡತೊಡಗಿದ. ಯಾರೂ ಹೇಳಿರಲಿಲ್ಲ. ಅವನ ಪಕ್ಕದಲ್ಲಿ ಕುಳಿತು, ಗಾಡಿ ಓಡಿಸುವ ಕೈ ಮತ್ತು ಜಾಗ ತೋರಿಸುವ ಕೈ ಬೇರೆ ಬೇರೆ, ಎರಡರಲ್ಲೂ ತಪ್ಪಿದೆ, ಆದರೆ ಎರಡೂ ಒಂದೇ ತೂಕದ ತಪ್ಪಲ್ಲ ಎಂದು ಹೇಳಿದೆ. ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತಿನ ಮೇಲೆ, "ಜಾಗ ತೋರಿಸುವವರ ಮಕ್ಕಳ ಶಾಲೆಯಲ್ಲೂ ಈ ಪಾಠ ಇದೆಯಾ ಟೀಚರ್?" ಎಂದ. ಇದೆ ಎಂದೆ.

ಕಲೀನಾದ ವಿದ್ಯಾರ್ಥಿಗೆ: ಸಮಿತಿಗೆ ಕೊಡುವ ದೂರನ್ನು ಮಕ್ಕಳೇ ಕನ್ನಡದಲ್ಲಿ ಬರೆದಿದ್ದಾರೆ, ಎಣಿಸಿದ ಲೆಕ್ಕವನ್ನೂ ಸೇರಿಸಿದ್ದಾರೆ. ಅದನ್ನು ಮರಾಠಿಗೆ ನಾನು ತಂದಿದ್ದೇನೆ. ಇಂಗ್ಲಿಷಿಗೆ ನೀವು ತಂದುಕೊಡುವಿರಾ? ವಕೀಲರೇ, ಚಾಲಕರ ಹೆಸರು ಎಲ್ಲಿಯೂ ಬಾರದಂತೆ, ಕಟ್ಟಡದ ಮಾಲೀಕರ ಹೊಣೆ ಸ್ಪಷ್ಟವಾಗುವಂತೆ ಕರಡನ್ನು ಒಮ್ಮೆ ತಿದ್ದಿಕೊಟ್ಟರೆ ಬರುವ ಸೋಮವಾರವೇ ಸಲ್ಲಿಸುತ್ತೇವೆ. ಅಮಾವಾಸ್ಯೆಯ ದೊಡ್ಡ ಇಳಿತದ ದಿನ ಮಕ್ಕಳು ಮತ್ತೆ ಎಣಿಸಲು ಹೋಗಬೇಕೆಂದು ಕೇಳುತ್ತಿದ್ದಾರೆ.